ಮಿಸ್ ಇಡಾ ಮನೆಯ ಒಡಕು ಪ್ಲೇಟು

ಮತ್ತಿಕೆರೆ

ಅಮೆರಿಕಕ್ಕೆ ಹೋಗಿಬಂದವರನ್ನು ಜನ ಕೇಳುವುದು ಏನೇನು ನೋಡಿದಿರಿ ಅಂತ. ನಾನು ನೋಡಲು ಹೋಗಿರಲಿಲ್ಲ, ಕೇಳಲು ಹೋಗಿದ್ದೆ. ಒಂದೇ ಒಂದು ಹಾಡು. ಅದನ್ನು ಒಂದು ಸಲ, ಮೊದಲಿನಿಂದ ಕೊನೆಯವರೆಗೆ, ಪೂರ್ತಿಯಾಗಿ ಕೇಳಬೇಕಿತ್ತು. ಇದನ್ನು ಹೇಳಿದರೆ ರಾಮಮಂದಿರದ ಕಟ್ಟೆಯ ಮೇಲೆ ಕೂತ ಗೆಳೆಯರು ನನ್ನ ಹಣೆ ಮುಟ್ಟಿ ಜ್ವರವಿದೆಯಾ ಅಂತ ನೋಡುತ್ತಾರೆ. "ಏನ್ ಗುರು, ಒಂದ್ ಹಾಡಿಗೆ ಅಷ್ಟ್ ದೂರಾನಾ? ಫೋನಲ್ಲಿ ಸಿಗಲ್ವಾ?" ಅನ್ನುತ್ತಾರೆ. ಸಿಗುವುದಿಲ್ಲ. ಸಿಕ್ಕಿದ್ದರೆ ನನ್ನಂಥ ಸೋಮಾರಿ ಹೆಬ್ಬಾಳವನ್ನೂ ದಾಟುತ್ತಿರಲಿಲ್ಲ.

ನಮ್ಮದು ಮತ್ತಿಕೆರೆಯ ಹಳೇ ಊರಿನ ಮನೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಕಾಲೇಜು ಹುಡುಗರಿಗೆ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಕೆಲಸ ಶನಿವಾರದ ಭಜನೆಯಲ್ಲಿ ತಾಳ ಹಾಕುವುದು. ತಾಳ ತಪ್ಪಿದವನನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಹಾಡು ನಿಲ್ಲಿಸಿ, ಮೊದಲಿನಿಂದ ಹಾಡಿಸುತ್ತೇನೆ. ದೊಡ್ಡ ಮನುಷ್ಯರ ಮನೆಯ ಅಳಿಯನಾದರೂ ಅಷ್ಟೆ. ಇದಕ್ಕಾಗಿ ಊರಲ್ಲಿ ನನಗೆ ಮರ್ಯಾದೆಯೂ ಇದೆ, ಹಿಂದಿನಿಂದ ಬೈಗುಳವೂ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಹಡಿಯ ರೂಮಿನಲ್ಲಿ ಶಿಲ್ಲಾಂಗಿನ ವಿದ್ಯಾರ್ಥಿಯೊಬ್ಬನಿದ್ದ. ಒಂದು ಮಧ್ಯಾಹ್ನ ಅಲ್ಲಿಂದ ಯಾರೋ ನರಳುವಂಥ ಸದ್ದು ಬಂತು. ಬೈಯೋಣವೆಂದು ಮೆಟ್ಟಿಲು ಹತ್ತಿದೆ. ಸ್ಪೀಕರಿನಲ್ಲಿ ಒಗ್ಗರಣೆ ಸಿಡಿಯುವಂಥ ಚರಚರ ಸದ್ದು, ಅದರ ಹಿಂದೆ ಗಿಟಾರು, ಅದರ ಹಿಂದೆ ಒಬ್ಬ ಗಂಡಸಿನ ದನಿ. ಗಿಟಾರಿನ ದಪ್ಪ ತಂತಿ ಒಂದೇ ಸಮನೆ ನಡೆಯುತ್ತಿತ್ತು, ಸಣ್ಣ ತಂತಿಗಳು ಮೇಲೆ ತಮ್ಮದೇ ಜಗಳ ಆಡುತ್ತಿದ್ದವು. ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಂಡೆ. "ಒಬ್ರೇ ಅಂಕಲ್, ಹಾಡ್ತಿರೋದೂ ಅವ್ರೇ" ಅಂದ ಹುಡುಗ. ಬೈಯಲು ಹೋದವನು ಅವನ ಮಂಚದ ಮೇಲೆ ಕೂತುಬಿಟ್ಟೆ.

ಹಾಡುತ್ತಿದ್ದವನ ಹೆಸರು ಅಮೋಸ್ ಟ್ರೆಡ್‌ವೆಲ್. ಮಿಸಿಸಿಪಿ ಕಡೆಯ ಹತ್ತಿ ಹೊಲದ ಕೂಲಿ. ಹರೆಯದಲ್ಲಿ ಗ್ರಾಮಫೋನ್ ಪ್ಲೇಟು ಕಂಪನಿಯವರು ಅವನನ್ನು ಮೆಂಫಿಸಿನ ಹೋಟೆಲ್ ರೂಮೊಂದರಲ್ಲಿ ಕೂರಿಸಿ ಕೆಲವು ಹಾಡು ಹಾಡಿಸಿಕೊಂಡರು, ಮರುದಿನ ಅವನು ಹೊಲಕ್ಕೆ ವಾಪಸಾದ. ವಯಸ್ಸಾದ ಮೇಲೆ ದೊಡ್ಡ ವಾದ್ಯಗಳ ಜೊತೆ ಹಾಡಿದ್ದೂ ಇದೆ. ಅವು ಕೆಟ್ಟವೇನಲ್ಲ, ಆದರೆ ಇಸ್ತ್ರಿ ಮಾಡಿದ ಹಾಡುಗಳು. ಮೊದಲಿನವುಗಳಲ್ಲಿ ಅವನು ಸಾಲಿನ ಕೊನೆಯ ಮಾತನ್ನು ಅರ್ಧಕ್ಕೇ ಬಿಡುತ್ತಾನೆ, ಉಳಿದರ್ಧವನ್ನು ತಂತಿ ಹೇಳಿ ಮುಗಿಸುತ್ತದೆ. ಈ ಬಗೆಯ ಹಾಡಿಗೆ ಅಲ್ಲಿ ಬ್ಲೂಸ್ ಅನ್ನುತ್ತಾರೆ, ಬ್ಲೂಸ್ ಅಂದರೆ ದುಃಖ ಅಂತ ತಿಳಿದವರು ಹೇಳುತ್ತಾರೆ. ನನಗೆ ಅದು ದುಃಖಕ್ಕೆ ಎದುರು ಕೊಟ್ಟ ಮಾತಿನ ಹಾಗೆ ಕೇಳಿಸಿತು.

ಒಂದು ಸಾಲನ್ನು ಅವನು ಎರಡು ಸಲ ಹೇಳುತ್ತಾನೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ. ಇದೊಂದು ದೊಡ್ಡ ಸಂಗತಿಯೆಂಬಂತೆ ನನ್ನ ಹೆಂಡತಿ ಗೌರಮ್ಮನಿಗೆ ವಿವರಿಸಿದೆ. ಅವಳು ಯಲಹಂಕ ದಾಟಿದ ಮೇಲಿನ ಹಳ್ಳಿಯವಳು.

"ಇದೇನ್ ಹೊಸದಾ? ನಮ್ಮವ್ವ ರಾಗಿ ಬೀಸೋವಾಗ ಇಂಗೇ ಎರಡೆರಡು ಕಿತ ಹಾಡೋಳು. ಆದ್ರೆ ಅವ್ವನಿಗೆ ಹಲ್ಲು ನೋವಿರ್ಲಿಲ್ಲ. ನಿಮ್ ಅಮೋಸಪ್ಪಂಗೆ ಇದೆ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಅಮೋಸಪ್ಪ.

ಅಮೋಸಪ್ಪನ ವಿಷಯದಲ್ಲಿ ಒಂದೇ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ತಾಳ. ನಡೆದು ನಡೆದು, ಸಾಲಿನ ಕೊನೆಗೆ ಬಂದಾಗ ಒಂದು ಪೆಟ್ಟು ಹೆಚ್ಚಾಗುತ್ತಿತ್ತು, ಇಲ್ಲವೇ ಅರ್ಧ ಪೆಟ್ಟು ಕಡಿಮೆಯಾಗುತ್ತಿತ್ತು. ದಪ್ಪ ತಂತಿಯ ಮೇಲೆ ಇಂಥ ಹೆಬ್ಬೆರಳು ನಡೆಸುವವನು ತಾಳ ತಪ್ಪುತ್ತಾನೆಂದು ನಾನು ಒಪ್ಪುವುದಾದರೂ ಹೇಗೆ? ಹಳೇ ಪ್ಲೇಟಿನಿಂದ ಈಗಿನ ಯಂತ್ರಕ್ಕೆ ಇಳಿಸಿದವರು ಎಲ್ಲೋ ಕತ್ತರಿ ಆಡಿಸಿದ್ದಾರೆ, ಎಲ್ಲೋ ಎಳೆದಿದ್ದಾರೆ ಎಂದು ತೀರ್ಮಾನಿಸಿದೆ. ಮೂಲ ಪ್ಲೇಟು ಸಿಕ್ಕಿದರೆ ಎರಡೇ ನಿಮಿಷದಲ್ಲಿ ತೋರಿಸಿಕೊಡುತ್ತೇನೆ ಎಂದು ನನ್ನಂಥ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಗೌರಮ್ಮ ಹಿಂದೆ ನಿಂತು ಓದಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದು ಒಳಗೆ ಹೋದಳು.

ಆ ಗುಂಪಿನಲ್ಲಿ ಹಾಲೆಂಡಿನವನೊಬ್ಬನಿದ್ದ. ಅವನಿಂದಲೇ ತಿಳಿದದ್ದು: ಅಮೋಸಪ್ಪ ಹೋಟೆಲ್ ರೂಮಿನಲ್ಲಿ ಮೊಟ್ಟಮೊದಲು ಹಾಡಿದ ಹಾಡು ಯಾವ ಸಂಗ್ರಹದಲ್ಲೂ ಇಲ್ಲ. ಅದರ ಪ್ಲೇಟು ಇಡೀ ಜಗತ್ತಿನಲ್ಲಿ ಒಂದೇ ಉಳಿದಿದೆ, ಅವನ ಅಕ್ಕನ ಮಗಳು ಮಿಸ್ ಇಡಾ ಹತ್ತಿರ. ಆಕೆ ಅದನ್ನು ಮಾರುವುದಿಲ್ಲ, ನಕಲು ಮಾಡಲು ಬಿಡುವುದಿಲ್ಲ. ಮನೆಗೆ ಬಂದವರಿಗೆ ಹಾಕಿ ಕೇಳಿಸುತ್ತಾರೆ, ಆದರೆ ಹಾಡಿನ ಮಧ್ಯದಲ್ಲೇ ಗ್ರಾಮಫೋನಿನ ಮುಳ್ಳು ಎತ್ತಿಬಿಡುತ್ತಾರೆ. "ನನಗೆ ಅರ್ಧ ನಿಮಿಷ ಕೇಳಿಸಿ, ಮುಳ್ಳು ಎತ್ತಿ, ಕಾಫಿ ಕೊಟ್ಟು ಕಳಿಸಿದರು. ಯಾಕೆಂದು ಹೇಳಲಿಲ್ಲ" ಎಂದು ಬರೆದಿದ್ದ. ಅವನಿಗೆ ತಾಳಜ್ಞಾನ ಸಾಲದು, ಮುದುಕಿಗೆ ಗೊತ್ತಾಗಿದೆ ಅಂದುಕೊಂಡೆ. ನನಗೆ ಹಾಗಾಗುವುದಿಲ್ಲ ಎಂಬುದರಲ್ಲಿ ಸಾಸಿವೆಯಷ್ಟೂ ಅನುಮಾನವಿರಲಿಲ್ಲ.

ಮೆಂಫಿಸ್

ಮೆಂಫಿಸಿನ ವಿಮಾನ ನಿಲ್ದಾಣದಲ್ಲಿ ಗೌರಮ್ಮನ ಚಟ್ನಿಪುಡಿ ಡಬ್ಬಿಯನ್ನು ಅಧಿಕಾರಿಯೊಬ್ಬರು ಮೂಸಿ ನೋಡಿ ಆರು ಸಲ ಸೀನಿದರು. ಸೀನಿದ ಮೇಲೆ ಇನ್ನೇನೂ ಕೇಳದೆ ಬಿಟ್ಟರು. ಬಾಡಿಗೆಗೆ ಪಡೆದ ಕಾರಿನಲ್ಲಿ ನಾನು ಮೊದಲು ಎಡಗಡೆಯ ಬಾಗಿಲು ತೆರೆದು ಗೌರಮ್ಮನನ್ನು ಕೂರಿಸಿದೆ. ಅವಳ ಎದೆಯ ಮುಂದೆ ಸ್ಟೀರಿಂಗ್ ಇತ್ತು.

"ನಾನ್ ಓಡಿಸ್ಲಾ?" ಅಂದಳು.

"ಇಳಿ ಇಳಿ" ಅಂದೆ.

ಇಡೀ ಊರು ರಸ್ತೆಯ ಬಲಗಡೆ ಓಡಿಸುತ್ತದೆ ಎಂಬುದು ಗೊತ್ತಿದ್ದರೂ ಕೈಗೆ ಗೊತ್ತಿರಬೇಕಲ್ಲ. ಮೊದಲ ತಿರುವಿನಲ್ಲೇ ಎದುರುಗಡೆಯ ಸಾಲಿಗೆ ನುಗ್ಗಿದೆ. ಎದುರಿನಿಂದ ಬಂದ ಲಾರಿಯವನು ನಿಲ್ಲಿಸಿ, ಹಾರ್ನ್ ಕೂಡ ಹೊಡೆಯದೆ, ನಾನು ಸರಿಯಾಗುವವರೆಗೆ ಕಾದು ಕೂತ. ಯಶವಂತಪುರದ ಮಾರ್ಕೆಟ್ ಗೇಟಿನಲ್ಲಿ ಹೀಗೆ ಮಾಡಿದ್ದರೆ ಈರುಳ್ಳಿ ಲಾರಿಯವರು ನನ್ನ ಮೂರು ತಲೆಮಾರನ್ನು ನೆನೆಸಿಕೊಳ್ಳುತ್ತಿದ್ದರು. ಅವನ ಮೌನದಿಂದ ನನಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ, ತಂಗಿದ್ದ ಕಡೆ, ತಿಂಡಿಗೆ ಬಿಳಿಯ ಗಂಜಿಯಂಥದ್ದನ್ನು ಬಡಿಸಿದರು. ಜೋಳದ ರವೆಯಂತೆ. ಗೌರಮ್ಮ ಒಂದು ಚಮಚ ಬಾಯಿಗಿಟ್ಟು, "ಉಪ್ಪಿಟ್ಟು ಕಣ್ರೀ. ಒಗ್ಗರಣೆ ಹಾಕೋದು ಮರ್ತವ್ರೆ" ಅಂದಳು. ಚಟ್ನಿಪುಡಿ ಉದುರಿಸಿಕೊಂಡಳು. ಬಡಿಸುತ್ತಿದ್ದ ಹೆಂಗಸು ಕುತೂಹಲದಿಂದ ನೋಡಿದಾಗ ಅವರ ಅಂಗೈಗೂ ಒಂದು ಚಿಟಿಕೆ ಹಾಕಿದಳು. ನಮ್ಮ ರೂಮಿನ ಹುಡುಗರ ಜೊತೆ ಬಾಡಿಗೆ, ನೀರು, ಕಸದ ವಿಚಾರಕ್ಕೆ ಜಗಳವಾಡಿಯೇ ಗೌರಮ್ಮನಿಗೆ ಇಂಗ್ಲಿಷ್ ಬಂದಿರುವುದು. ಆ ಇಂಗ್ಲಿಷಿನಲ್ಲಿ ಇಬ್ಬರೂ ಎಷ್ಟು ಹೊತ್ತು ಮಾತಾಡಿದರೆಂದರೆ ನಾನು ಕಾರಿನಲ್ಲಿ ಕೂತು ಅಮೋಸಪ್ಪನ ಇಡೀ ಸಂಗ್ರಹವನ್ನು ಒಂದು ಸುತ್ತು ಕೇಳಿ ಮುಗಿಸಿದೆ.

ಹತ್ತಿ ಹೊಲದ ರಸ್ತೆ

ಮೆಂಫಿಸ್ ದಾಟಿ ದಕ್ಷಿಣಕ್ಕೆ ಇಳಿದರೆ ನೆಲ ತಟ್ಟೆಯ ಹಾಗೆ. ಎರಡೂ ಕಡೆ ಹತ್ತಿ, ಹತ್ತಿ, ಹತ್ತಿ. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ನಮ್ಮ ಕಡೆ ಹೊಲವೆಂದರೆ ನಡುವೆ ಒಂದು ಹುಣಸೆ ಮರವೋ ಹೊಂಗೆ ಮರವೋ ಇರುತ್ತದೆ, ಬುತ್ತಿ ಬಿಚ್ಚಲು ನೆರಳಾಗುತ್ತದೆ. ಇಲ್ಲಿ ಕೂಲಿಯವನು ಎಲ್ಲಿ ಕೂರುತ್ತಿದ್ದನೋ ಕಾಣೆ. ಅಮೋಸಪ್ಪನ ಮೊದಲ ಹಾಡುಗಳಲ್ಲಿ ದನಿ ಯಾಕೆ ಅಷ್ಟು ದೂರಕ್ಕೆ ಹೋಗುತ್ತದೆಂದು ಆ ರಸ್ತೆಯಲ್ಲಿ ನನಗೆ ತಿಳಿಯಿತು. ತಡೆಯಲು ಅಲ್ಲಿ ಏನೂ ಇಲ್ಲ.

ಎದುರಿಗೆ ಬರುವ ಪ್ರತಿಯೊಬ್ಬರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಗೆ ನಮಸ್ಕಾರ ಮಾಡುತ್ತಿದ್ದರು. ಮೊದಲು ಟೈರು ಪಂಕ್ಚರಾಗಿದೆ ಅಂತ ತೋರಿಸುತ್ತಿದ್ದಾರೆಂದು ಇಳಿದು ನೋಡಿದೆ. ಏನೂ ಆಗಿರಲಿಲ್ಲ. ಆಮೇಲೆ ಗೌರಮ್ಮನೇ ಎಲ್ಲರಿಗೂ ಉತ್ತರ ಕೊಡುವ ಕೆಲಸ ವಹಿಸಿಕೊಂಡಳು. ಒಬ್ಬರನ್ನೂ ಬಿಡಲಿಲ್ಲ.

"ಗುರುತಿಲ್ಲ, ಪರಿಚಯ ಇಲ್ಲ, ಯಾಕೆ ಕೈ ಎತ್ತುತ್ತೀಯ?" ಅಂದೆ.

"ಮಾತಾಡ್ಸಿದೋರ್ಗೆ ಉತ್ರ ಕೊಡ್ಬೇಕಲ್ರೀ" ಅಂದಳು.

ಹೆಬ್ಬಾಳದ ಫ್ಲೈಓವರ್ ಮೇಲೆ ಈ ಪದ್ಧತಿ ತಂದರೆ ಮನೆ ಸೇರುವ ಹೊತ್ತಿಗೆ ಬೆರಳು ಊದಿಕೊಂಡಿರುತ್ತದೆ ಅಂದೆ. ಅವಳು ಆಗಲೇ ಮುಂದಿನ ಟ್ರ್ಯಾಕ್ಟರಿನವನಿಗೆ ಕೈ ಎತ್ತಿದ್ದಳು.

ಭಾನುವಾರದ ಚರ್ಚು

ಮಿಸ್ ಇಡಾ ಅವರ ಪಕ್ಕದ ಮನೆಯವರು ಕರ್ಟಿಸ್, ಶಾಲೆ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಭೇಟಿಯನ್ನು ಏರ್ಪಾಡು ಮಾಡಿದವರು ಅವರೇ. ಮಿಸ್ ಇಡಾ ಭಾನುವಾರ ಚರ್ಚಿಗೆ ಹೋಗಿಬಂದ ಮೇಲೆಯೇ ಮಾತಾಡುವುದು, ನೀವೂ ಬನ್ನಿ ಅಂದರು. ಅಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ ಮಿಸ್ ಸೇರಿಸುತ್ತಾರೆ, ನಾವು ಕೊನೆಗೆ ಅಮ್ಮ ಸೇರಿಸಿದ ಹಾಗೆ. ಗೌರಮ್ಮ ಎರಡನ್ನೂ ಸೇರಿಸಿ ಮಿಸ್ ಇಡಮ್ಮ ಅನ್ನತೊಡಗಿದಳು.

ಹೊಲದ ಅಂಚಿನಲ್ಲಿ ಪುಟ್ಟ ಮರದ ಚರ್ಚು. ಕಪ್ಪು ಜನರ ಊರದು. ಹೆಂಗಸರ ತಲೆಯ ಮೇಲೆ ಒಂದಕ್ಕಿಂತ ಒಂದು ದೊಡ್ಡ ಟೋಪಿ. ಪಾದ್ರಿಗಳು ಒಂದು ಮಾತು ಹೇಳುವುದು, ಕೂಡಲೇ ಯಾರೋ "ಹೌದು ಸ್ವಾಮಿ" ಅನ್ನುವುದು. ಮತ್ತೊಂದು ಮಾತು, "ಹೇಳಿ ಹೇಳಿ" ಅಂತ ಇನ್ನೊಂದು ಮೂಲೆಯಿಂದ. ಕೊನೆಕೊನೆಗೆ ಅವರು ಹೇಳುವುದೆಷ್ಟು ಇವರು ಹೇಳುವುದೆಷ್ಟು ಎಂದೇ ತಿಳಿಯಲಿಲ್ಲ. ನಮ್ಮ ಭಜನೆಯಲ್ಲಿ ಯಾರಾದರೂ ಹೀಗೆ ಮಧ್ಯೆ ಬಾಯಿ ಹಾಕಿದ್ದರೆ ನಾನು ತಾಳವನ್ನೇ ಎತ್ತಿ ತೋರಿಸುತ್ತಿದ್ದೆ. ಗೌರಮ್ಮ ಮಾತ್ರ ತವರಿಗೆ ಬಂದವಳ ಹಾಗೆ ಕೂತಿದ್ದಳು.

"ನಮ್ಮೂರಲ್ಲಿ ಕತೆ ಹೇಳೋವಾಗ ಇಂಗೇ ಅಲ್ವೇನ್ರೀ? ಒಬ್ರು ಹೂಂ ಅನ್ನಕ್ಕೇ ಕೂತಿರ್ಬೇಕು. ಹೂಂಗುಡೋರು ಇಲ್ದಿದ್ರೆ ಕತೆ ಹೇಳೋರು ಎದ್ದೋಯ್ತಾರೆ" ಎಂದು ಪಿಸುಗುಟ್ಟಿದಳು.

"ಸುಮ್ನಿರು, ಪಾದ್ರಿಗಳು ನೋಡ್ತಿದಾರೆ" ಅಂದೆ. ಪಾದ್ರಿಗಳು ನೋಡಿ ನಗುತ್ತಿದ್ದರು.

ಮಿಸ್ ಇಡಾ ಮನೆ

ಮಿಸ್ ಇಡಾ ಸಣ್ಣ ಹೆಂಗಸು, ದೊಡ್ಡ ಕನ್ನಡಕ. ಮನೆಯ ಮುಂದೆ ನಮ್ಮ ಜಗಲಿಯಂಥದ್ದೇ ಹಲಗೆಯ ಕಟ್ಟೆ, ಅದರ ಮೇಲೆ ಕುರ್ಚಿಗಳು. ಒಳಗೆ ಕರೆದು ಕೂರಿಸಿದರು. ಕರ್ಟಿಸ್ ಬಾಗಿಲ ಹತ್ತಿರ ನಿಂತರು. ನಾನು ಅಮೋಸಪ್ಪನ ಬಗ್ಗೆ ತಿಳಿದಿದ್ದನ್ನೆಲ್ಲ ಒಪ್ಪಿಸತೊಡಗಿದೆ. ಒಡೆದ ಸೀಸೆಯ ಕತ್ತನ್ನು ಎಡಗೈ ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವುದು, ದನಿಯನ್ನು ಗಂಟಲಿನಿಂದ ಮೂಗಿಗೆ ಏರಿಸುವುದು, ಮೊದಲ ಹಾಡುಗಳಿಗೂ ಮುದಿವಯಸ್ಸಿನವಕ್ಕೂ ಇರುವ ವ್ಯತ್ಯಾಸ. ಮಿಸ್ ಇಡಾ ತಾಳ್ಮೆಯಿಂದ ಕೇಳಿದರು.

"ತುಂಬ ಓದಿದ್ದೀರಿ" ಅಂದರು. ಹೊಗಳಿದರು ಅಂದುಕೊಂಡೆ.

ಬೀರುವಿನಿಂದ ಹಳೇ ತಲೆದಿಂಬಿನ ಕವಚವೊಂದನ್ನು ತಂದು ಅದರೊಳಗಿಂದ ಪ್ಲೇಟು ತೆಗೆದರು. ಅರಗಿನ ಕಪ್ಪು ಪ್ಲೇಟು. ನಾನು ಮುಟ್ಟಲಿಲ್ಲ. ಒಳಸುತ್ತಿನಲ್ಲಿ, ಹಾಡು ಮುಗಿಯುವ ಕಡೆ, ಉಗುರಿನಷ್ಟು ಚೂರು ಹಾರಿ ಒಡಕು ಬಿಟ್ಟಿತ್ತು. ಯಂತ್ರ ತಿರುಗಿತು. ಮುಳ್ಳು ಇಳಿಯಿತು. ಚರಚರ ಸದ್ದು, ಅದರ ಹಿಂದಿನಿಂದ ಹೆಬ್ಬೆರಳು ನಡೆಯತೊಡಗಿತು.

ಇಷ್ಟು ವರ್ಷ ಗೋಡೆಯಾಚೆಗೆ ಕೇಳಿದ ಮನುಷ್ಯ ಎದ್ದು ಈ ಕೋಣೆಗೆ ಬಂದಿದ್ದ. ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು, ಕುರ್ಚಿ ಕಿರುಗುಟ್ಟುವುದು ಕೇಳುತ್ತಿತ್ತು. ಜ್ವರ ಬಂದು ಹೊಲದಲ್ಲಿ ಬಿದ್ದವನ ಹಾಡು ಅದು. "ಹೇಸರಗತ್ತೆಯನ್ನು ಕೂಗಿದೆ" ಅಂತ ಎರಡು ಸಲ ಹೇಳಿ, "ಅದು ತಿರುಗಿ ನೋಡಿ ಮೇಯತೊಡಗಿತು" ಅಂದ. ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾಲ್ಕು, ನಾಲ್ಕು, ನಾಲ್ಕು. ಸಾಲಿನ ಕೊನೆ ಬಂತು. ಒಂದು ಪೆಟ್ಟು ಹೆಚ್ಚಾಯಿತು.

ಮೂಲ ಪ್ಲೇಟಿನಲ್ಲೂ ಹೆಚ್ಚಾಯಿತು. ನನ್ನ ಕೈ ಗಾಳಿಯಲ್ಲಿ ನಿಂತಿತು. ಮುಖ ಸಿಂಡರಿಸಿಕೊಂಡೆನಂತೆ, ತಲೆಯನ್ನೂ ಅಲ್ಲಾಡಿಸಿದೆನಂತೆ, ಭಜನೆಯಲ್ಲಿ ತಪ್ಪಿದವನಿಗೆ ಮಾಡುವ ಹಾಗೆಯೇ.

ಮಿಸ್ ಇಡಾ ಮುಳ್ಳು ಎತ್ತಿದರು.

"ನಮ್ಮ ಮಾವನನ್ನು ತಿದ್ದುತ್ತಿದ್ದೀರಿ" ಅಂದರು. ದನಿ ಏರಿರಲಿಲ್ಲ. "ಅವನು ಬಿದ್ದಿದ್ದಾನೆ, ನಿಮಗೆ ಹೇಳುತ್ತಿದ್ದಾನೆ. ನೀವು ಅವನ ಹೆಜ್ಜೆ ಎಣಿಸುತ್ತಿದ್ದೀರಿ. ಇನ್ನೊಬ್ಬರು ಬಂದಿದ್ದರು, ಕಣ್ಣು ಮುಚ್ಚಿ ಕೂತರು, ಬದುಕಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಕಾಫಿ ಕುಡಿಯುತ್ತೀರಾ?"

ಕಾಫಿ ಅಂದ ಕೂಡಲೇ ಹಾಲೆಂಡಿನವನು ನೆನಪಾದ. ಇಷ್ಟು ದೂರ ಬಂದದ್ದು ಒಂದು ಹೇಸರಗತ್ತೆಯವರೆಗೆ. ಇನ್ನೊಂದು ಸಲ ಹಾಕಿ ಎಂದು ಕೇಳುವಂತಿರಲಿಲ್ಲ. ಒಂದೊಂದು ಸಲ ಹಾಕಿದಾಗಲೂ ಆ ಪ್ಲೇಟು ಸವೆಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಮುಗಿಯುವುದೊಂದೇ ಬಾಕಿ, ಅದನ್ನೇ ಮಾಡಿದೆ.

ಆಗ ಗೌರಮ್ಮ ಬಾಯಿ ತೆರೆದಳು. ಅವಳಿಗೆ ನನ್ನ ತಾಳವೂ ಬೇಕಿರಲಿಲ್ಲ, ಪ್ಲೇಟಿನ ಚರಿತ್ರೆಯೂ ಬೇಕಿರಲಿಲ್ಲ.

"ಮಿಸ್ ಇಡಮ್ಮ, ಕತ್ತೆ ಬರ್ಲಿಲ್ಲ. ಆಮೇಲೆ?" ಅಂತ ಅವಳ ಇಂಗ್ಲಿಷಿನಲ್ಲಿ ಕೇಳಿದಳು.

ಮಿಸ್ ಇಡಾ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. ಮತ್ತೆ ಮುಳ್ಳನ್ನು ಮೊದಲಿಗೇ ಇಟ್ಟರು.

ಹೇಸರಗತ್ತೆಯನ್ನು ಕೂಗಿದೆ, ಅಂದ ಅಮೋಸಪ್ಪ. "ಹೂಂ" ಅಂದಳು ಗೌರಮ್ಮ. ಹೇಸರಗತ್ತೆಯನ್ನು ಕೂಗಿದೆ. "ಹೂಂ." ತಿರುಗಿ ನೋಡಿ ಮೇಯತೊಡಗಿತು. "ಅಯ್ಯೋ ಪಾಪ" ಅಂದಳು. ಅವಳೇನೂ ನಟಿಸುತ್ತಿರಲಿಲ್ಲ. ಸೆರಗನ್ನು ಕೈಗೆ ಸುತ್ತಿಕೊಂಡು ಮುಂದಕ್ಕೆ ಬಾಗಿ, ಅವರವ್ವನ ಕತೆ ಕೇಳುವವಳ ಹಾಗೆ ಕೂತಿದ್ದಳು. ಯಜಮಾನನನ್ನು ಕೂಗಿದೆ. "ಹೂಂ." ಅವನು ಬಾಗಿಲು ಹಾಕಿಕೊಂಡ. ಗೆಳೆಯನನ್ನು ಕೂಗಿದೆ. "ಹೂಂ." ನಾಳೆ ಬರುತ್ತೇನೆ ಅಂದ. ಬಾಗಿಲಲ್ಲಿದ್ದ ಕರ್ಟಿಸ್ ಕೂಡ "ಹೌದು ಹೌದು" ಅನ್ನತೊಡಗಿದರು.

ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳಿದೆ. ಸಾಲಿನ ಕೊನೆಯಲ್ಲಿ ಹೆಚ್ಚಾಗುತ್ತಿದ್ದ ಆ ಪೆಟ್ಟಿನಲ್ಲಿ ಗೌರಮ್ಮನ ಹೂಂ ಬಂದು ಕೂರುತ್ತಿತ್ತು. ಎಲ್ಲಿ ಅವಳು ಬೇಗ ಹೂಂ ಅಂದಳೋ ಅಲ್ಲಿ ಹಾಡೂ ಬೇಗ ಹೊರಟ ಹಾಗೆ ಕೇಳಿತು. ಒಂದು ಪೆಟ್ಟೂ ಹೆಚ್ಚಿರಲಿಲ್ಲ, ಒಂದು ಪೆಟ್ಟೂ ಕಡಿಮೆಯಿರಲಿಲ್ಲ.

ಕೊನೆಯ ಸುತ್ತು ಬಂತು. ಇನ್ನು ಅವ್ವನನ್ನು ಕೂಗೋಣ ಅಂದುಕೊಂಡೆ, ಅಂದ. "ಹೂಂ." ಇನ್ನು ಅವ್ವನನ್ನು ಕೂಗೋಣ ಅಂದುಕೊಂಡೆ. "ಹೂಂ." ಮುಳ್ಳು ಒಡಕಿಗೆ ಬಂತು, ಟಕ್ ಟಕ್ ಎಂದು ಹಾರತೊಡಗಿತು. ಮಿಸ್ ಇಡಾ ಮೆಲ್ಲಗೆ ಎತ್ತಿ ಆಚೆಗೆ ಇಟ್ಟರು. ಗಿಟಾರಿನ ಎರಡು ಮೀಟು ಉಳಿದಿತ್ತು. ಹಾಡು ಮುಗಿಯಿತು.

"ಆ ಸಾಲು?" ಅಂದೆ.

"ಅದು ಪ್ಲೇಟಿನಲ್ಲಿಲ್ಲ, ನನ್ನಲ್ಲಿದೆ" ಅಂದರು ಮಿಸ್ ಇಡಾ. ಆಮೇಲೆ ಅವರೇ ಹೇಳಿದರು. ಹೋಟೆಲ್ ರೂಮಿನಲ್ಲಿ ಕಂಪನಿಯವರು ಹಾಡುವವನ ಹೊರತು ಬೇರೆ ಯಾರಿಂದಲೂ ಒಂದು ಸೊಲ್ಲೂ ಏಳಕೂಡದೆಂದು ಅಪ್ಪಣೆ ಮಾಡಿದ್ದರಂತೆ. ಗೋಡೆಗೆ ಹಾಡಲು ನನ್ನಿಂದಾಗದು ಎಂದು ಅಮೋಸ್ ಎದ್ದುಬಿಟ್ಟನಂತೆ. ಕೊನೆಗೆ ಅವನ ಅಕ್ಕ, ಅಂದರೆ ಮಿಸ್ ಇಡಾ ಅವರ ತಾಯಿ, ಎದುರಿಗೆ ಕೂತರು. ಬಾಯಿ ತೆರೆಯುವಂತಿಲ್ಲ, ಅದಕ್ಕೆ ತಲೆಯಾಡಿಸಿದರು. "ನಮ್ಮಮ್ಮ ತಲೆಯಾಡಿಸುವವರೆಗೆ ಅವನು ಮುಂದಿನ ಸಾಲಿಗೆ ಹೋಗಲಿಲ್ಲ. ನಕಲು ಮಾಡಿ ಕೊಟ್ಟರೆ ಜನ ಒಬ್ಬೊಬ್ಬರೇ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ. ಅವನು ಯಾರಿಗೆ ಹೇಳಬೇಕು?"

ಹಾಗಾದರೆ ನಾನು ಇಷ್ಟು ದಿನ ತಪ್ಪೆಂದು ಎಣಿಸಿದ್ದು ಆ ಹೆಂಗಸಿನ ತಲೆಯಾಡಿಸುವಿಕೆಯನ್ನು. ಪ್ಲೇಟಿನಲ್ಲಿ ಸದ್ದಿಲ್ಲದೆ ಅವರೂ ಇದ್ದಾರೆ.

ಚರಂಡಿ

ಹೊರಡುವ ಹೊತ್ತಿಗೆ ನನ್ನ ಕಾರು ಮನೆಯ ಮುಂದಿನ ಚರಂಡಿಗೆ ಇಳಿದಿತ್ತು. ಹುಲ್ಲು ಕಂಡು ಗಟ್ಟಿ ನೆಲವೆಂದು ನಿಲ್ಲಿಸಿದ್ದೆ, ಅದು ಜೌಗು. ಕರ್ಟಿಸ್ ಹಲಗೆ ತಂದರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಾವಾಗಿಯೇ ನಿಂತು ಕೈ ಹಾಕಿದರು. ನಾನು "ಐಸಾ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಎರಡನೇ ಸಲಕ್ಕೆ ಮೂವರೂ ಐಸಾ ಅಂದರು. ಯಾರೂ ಅವಸರ ಮಾಡಲಿಲ್ಲ. ಕೆಸರು ನನ್ನ ಮುಖಕ್ಕೆ ಹಾರಿದಾಗ ಮಾತ್ರ ಎಲ್ಲರೂ ಚೆನ್ನಾಗಿ ನಕ್ಕರು.

ಕಾರು ಮೇಲೆ ಬಂದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಡುಗೆಮನೆಯ ಕಿಟಕಿಯಿಂದ ಕಂಡಿತು. ಮಿಸ್ ಇಡಾ ಗೌರಮ್ಮನ ಎರಡೂ ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಏನೋ ಹಾಡುತ್ತಿದ್ದರು. ಗೌರಮ್ಮ ಅದನ್ನು ತಿರುಗಿ ಹೇಳುತ್ತಿದ್ದಳು. ಇಬ್ಬರ ನಡುವೆ ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿಯಿತ್ತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಹಾಡು ನಿಂತಿತು.

"ಏನ್ ಹೇಳಿದ್ರು? ಆ ಸಾಲಾ?" ಕಾರು ಹೊರಟ ಕೂಡಲೇ ಕೇಳಿದೆ.

"ಹೂಂ."

"ಹೇಳೇ."

"ಯಾರ್ಗಾದ್ರೂ ಹೇಳ್ಬೇಕಾದ್ರೆ ಕೇಳೋರ್ನ ನೋಡ್ಕೊಂಡು ಹೇಳು ಅಂದವ್ರೆ" ಅಂದಳು. ಎದುರಿನಿಂದ ಬಂದ ಕಾರಿಗೆ ಕೈ ಎತ್ತಿದಳು.

"ನಾನು ಕೇಳೋನಲ್ವಾ?"

"ನೀವು ಎಣಿಸೋರು" ಅಂದಳು.

ಮೆಂಫಿಸಿನವರೆಗೂ ಕಾಡಿದೆ, ರೇಗಿದೆ, ಹೊಗಳಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳು, ನೀನೇ ನನಗೆ ಮದ್ದು ಅಂತಲೂ ಅಂದೆ. ಅವಳು ಜಗ್ಗಲಿಲ್ಲ. ಜಗತ್ತಿನಲ್ಲಿ ಇಬ್ಬರಿಗೆ ಗೊತ್ತಿರುವ ಸಾಲು, ಅದರಲ್ಲಿ ಒಬ್ಬಳು ನನ್ನ ಪಕ್ಕದ ಸೀಟಿನಲ್ಲಿ ಕಡಲೆಬೀಜ ತಿನ್ನುತ್ತಾ ಕೂತಿದ್ದಾಳೆ. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ವಿಮಾನದಲ್ಲಿ ಇಡೀ ಹಾದಿ ಆ ಸಾಲನ್ನು ನಾನೇ ಊಹಿಸಿ ನೋಡಿದೆ. ಅವ್ವ ಸತ್ತಿದ್ದಳು. ಅವ್ವ ದೂರದೂರಿನಲ್ಲಿದ್ದಳು. ಅವ್ವನಿಗೂ ಕೇಳಿಸಲಿಲ್ಲ. ಪ್ರತಿಯೊಂದಕ್ಕೂ ಗೌರಮ್ಮ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿ ಅಲ್ಲ ಅಂದಳು.

ಹೆಬ್ಬಾಳ

ಬೆಂಗಳೂರಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆಯ ಬಿಸಿಲು. ಟ್ಯಾಕ್ಸಿ ಯಲಹಂಕದವರೆಗೆ ಓಡಿ, ಹೆಬ್ಬಾಳದ ಫ್ಲೈಓವರ್ ಹತ್ತುವ ಮೊದಲೇ ನಿಂತಿತು. ಮುಂದೆ ನೋಡಿದರೂ ವಾಹನ, ಹಿಂದೆ ನೋಡಿದರೂ ವಾಹನ. ಡ್ರೈವರು ಚಿಕ್ಕಬಳ್ಳಾಪುರದ ಕಡೆಯವರು, ನನ್ನ ವಯಸ್ಸಿನವರೇ. ಎಂಜಿನ್ ಆರಿಸಿ, "ಇನ್ನು ಅರ್ಧ ಗಂಟೆ ಇಲ್ಲೇ ಸಾ" ಅಂದರು. ನಾಲ್ಕೂ ಕಡೆ ಹಾರ್ನು. ಯಾರೂ ಯಾರಿಗೂ ಬೆರಳೆತ್ತುತ್ತಿರಲಿಲ್ಲ. ಅಂದರೆ, ಒಳ್ಳೆಯ ಅರ್ಥದಲ್ಲಿ ಎತ್ತುತ್ತಿರಲಿಲ್ಲ.

ನಾನು ಕೈ ಕಟ್ಟಿಕೊಂಡು ಗೌರಮ್ಮನ ಕಡೆ ತಿರುಗಿ ಕೂತೆ.

"ಜ್ವರ ಬಂದು ಹೊಲದಲ್ಲಿ ಬಿದ್ದವ್ನೆ. ಆಮೇಲೆ ಏನಾಯ್ತು?" ಅಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಕೈಗಳನ್ನೂ ನೋಡಿದಳು. ಆಮೇಲೆ, ಇಂಗ್ಲಿಷಿನಲ್ಲಲ್ಲ, ಅವರವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಮಟ್ಟಿನಲ್ಲಿ, ಮೆಲ್ಲಗೆ ಶುರು ಮಾಡಿದಳು.

"ಏಸರಗತ್ತೇನ ಕೂಗ್ದೆ."

"ಹೂಂ" ಅಂದೆ.

"ತಿರುಗಿ ನೋಡಿ ಮೇಯಕ್ಕೆ ನಿಂತ್ಕೊಂತು."

"ಹೂಂ."

"ಯಜಮಾನ್ನ ಕೂಗ್ದೆ, ಬಾಗ್ಲಾಕ್ಕೊಂಡ. ಗೆಳೆಯನ್ನ ಕೂಗ್ದೆ, ನಾಳೆ ಬತ್ತೀನಿ ಅಂದ."

"ಹೂಂ."

"ಇನ್ನು ಅವ್ವನ್ನ ಕೂಗಾಣ ಅಂದ್ಕಂಡೆ."

"ಹೂಂ."

"ಇನ್ನು ಅವ್ವನ್ನ ಕೂಗಾಣ ಅಂದ್ಕಂಡೆ."

"ಹೂಂ."

ಅವಳು ಕಿಟಕಿಯಾಚೆಗೆ ನೋಡಿದಳು.

"ಕೂಗ್ನೇ ಇಲ್ಲ. ಅವ್ವ ಆಗ್ಲೇ ಬಂದು ತಲೆತಾವ ನಿಂತಿದ್ಲು."

ಹೂಂ ಅನ್ನಬೇಕಿತ್ತು, ಬಾಯಿಂದ ಹೊರಡಲಿಲ್ಲ. ಗೌರಮ್ಮ ಕಾದಳು.

"ಹೂಂ" ಅಂದರು ಮುಂದಿನ ಸೀಟಿನಿಂದ ಡ್ರೈವರು.